ಮೊದಲ ಗಿಟಾರಿಗೆ ಇಎಂಐ ಬೇಕೇ?

ಈ ವರ್ಷದ ಆರಂಭದಲ್ಲಿ ಶಿವಮೊಗ್ಗದ ಒಂದು ವಾದ್ಯದಂಗಡಿಗೆ ಹೋಗಿದ್ದೆ. ಜೇಬಿನಲ್ಲಿ 15,000 ರೂಪಾಯಿ ಇತ್ತು. ಎರಡು ವರ್ಷ ರಜೆಯಲ್ಲಿ ಊರಿಗೆ ಹೋದಾಗ ಅಡಿಕೆ ಸುಲಿದು, ಉಳಿದ ದಿನಗಳಲ್ಲಿ ಹಾಸ್ಟೆಲ್ ಪಕ್ಕದ ಮನೆಯ ಹುಡುಗನಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ಹಣ ಅದು. ಎಲೆಕ್ಟ್ರಿಕ್ ಗಿಟಾರ್ ಬೇಕು ಎಂದೆ. ಅಂಗಡಿಯವರು ನಾನು ತೋರಿಸಿದ್ದನ್ನು ಪಕ್ಕಕ್ಕಿಟ್ಟು, ‘ಇದು ಬೇಡ ತಮ್ಮಾ, ಆರು ತಿಂಗಳಿಗೆ ಬೇಜಾರಾಗುತ್ತೆ. 24,000ದ್ದು ತಗೋ. ನೋ ಕಾಸ್ಟ್ ಇಎಂಐ ಇದೆ, ತಿಂಗಳಿಗೆ ಎರಡು ಸಾವಿರ ಅಷ್ಟೇ. ಕಾರ್ಡ್ ಇಲ್ಲದಿದ್ದರೆ ಆ್ಯಪ್ ಇದೆ, ಪ್ಯಾನ್ ನಂಬರ್ ಇದ್ದರೆ ಸಾಕು’ ಎಂದರು.

ನಿಜ ಹೇಳುತ್ತೇನೆ, ಅರ್ಧ ಒಪ್ಪಿಯೇಬಿಟ್ಟಿದ್ದೆ. ‘ನಾಳೆ ಬರ್ತೀನಿ ಅಣ್ಣ’ ಎಂದು ಹೊರಬಂದದ್ದೇ ಒಳ್ಳೆಯದಾಯಿತು. ಆ ರಾತ್ರಿ ಕಾಗದ, ಪೆನ್ನು ಹಿಡಿದು ಕುಳಿತಾಗ ಎರಡು ಪ್ರಶ್ನೆ ಎದ್ದವು. ಅಗ್ಗದ ಗಿಟಾರ್ ಎಂದರೆ ಕಳಪೆ ಗಿಟಾರ್ ಎಂಬ ಮಾತು ಇವತ್ತಿಗೂ ನಿಜವೇ? ಮತ್ತು ಈ ‘ನೋ ಕಾಸ್ಟ್’ನ ಕಾಸ್ಟ್ ಎಷ್ಟು?

ಮೊದಲ ಪ್ರಶ್ನೆಗೆ ಉತ್ತರ ಕಾರ್ಖಾನೆಯಲ್ಲಿದೆ. ಅಮೆರಿಕದ ಲಿಯೋ ಫೆಂಡರ್ 1950ರ ಹೊತ್ತಿಗೆ ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಅದರ ವಿನ್ಯಾಸವೇ ಕಾರ್ಖಾನೆಗೆ ಹೇಳಿ ಮಾಡಿಸಿದಂತಿತ್ತು. ಕತ್ತನ್ನು ಅಂಟಿಸುವ ಬದಲು ಸ್ಕ್ರೂ ಹಾಕಿ ದೇಹಕ್ಕೆ ಬಿಗಿಯುವುದು, ಕೆಟ್ಟರೆ ಬಿಚ್ಚಿ ಬೇರೆ ಹಾಕುವುದು. ಅದೇ ಕಂಪನಿ 1982ರಲ್ಲಿ ಜಪಾನಿನಲ್ಲಿ ‘ಸ್ಕ್ವಾಯರ್’ ಹೆಸರಿನಲ್ಲಿ ಕಡಿಮೆ ಬೆಲೆಯ ಗಿಟಾರ್ ಶುರುಮಾಡಿತು. ಗಿಬ್ಸನ್ ಕಂಪನಿಗೆ ‘ಎಪಿಫೋನ್’ ಇದೆ. ಯಮಹಾದ ‘ಪೆಸಿಫಿಕಾ’, ಐಬನೇಜ್‌ನ ‘ಜಿಯೋ’ ಸಾಲುಗಳಲ್ಲೂ ಹೊಸಬರಿಗೆ ತಕ್ಕ ಗಿಟಾರುಗಳಿವೆ. ಇವುಗಳಲ್ಲಿ ಹೆಚ್ಚಿನವು ಈಗ ಇಂಡೊನೇಷ್ಯಾ, ಚೀನಾದ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಮರ ಕತ್ತರಿಸುವುದು ಸಿಎನ್‌ಸಿ ಯಂತ್ರ. ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು: ಪ್ರೋಗ್ರಾಮ್ ಸರಿ ಇದ್ದರೆ ಯಂತ್ರ ಮೊದಲ ತುಂಡನ್ನೂ ಸಾವಿರದ ತುಂಡನ್ನೂ ಒಂದೇ ಅಳತೆಗೆ ಕೊಯ್ಯುತ್ತದೆ. ಬೆಲೆ ಏರಿದಂತೆ ಬಿಡಿಭಾಗ, ಪಾಲಿಶ್, ಕೊನೆಯ ಕೈಗೆಲಸ ಉತ್ತಮವಾಗುತ್ತವೆ. ಆದರೆ ಕಲಿಯುವವನಿಗೆ ಬೇಕಾದ ಮೂಲ ಅಳತೆ ಅಗ್ಗದ್ದರಲ್ಲೂ ಸಿಗುತ್ತದೆ.

ಇದರಲ್ಲಿ ನಮ್ಮ ಮಲೆನಾಡಿಗೂ ಒಂದು ನಂಟಿದೆ. ಗಿಟಾರಿನ ಕತ್ತಿನ ಮೇಲೆ ಬೆರಳೊತ್ತುವ ಹಲಗೆಗೆ ಬೀಟೆ ಮರ ಬಹಳ ಬಳಕೆಯಲ್ಲಿತ್ತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದ 2017ರ ಜನವರಿಯಿಂದ ಬೀಟೆಯ ಇಡೀ ಕುಲಕ್ಕೆ ಪರವಾನಗಿ ಕಡ್ಡಾಯ ಮಾಡಿತು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ, ಅಷ್ಟರಲ್ಲಿ ಕಂಪನಿಗಳು ಬೇರೆ ಮರ ಹುಡುಕಿಕೊಂಡಿದ್ದವು. ಅಗ್ಗದ ಗಿಟಾರುಗಳ ವಿವರದಲ್ಲಿ ‘ಇಂಡಿಯನ್ ಲಾರೆಲ್’ ಎಂದು ಓದಿದರೆ ವಿದೇಶಿ ಮರ ಎಂದುಕೊಳ್ಳಬೇಡಿ. ಅದು ನಮ್ಮ ಊರ ಕಾಡಿನಲ್ಲೂ ಬೆಳೆಯುವ ಮತ್ತಿ ಮರ.

ಇನ್ನು, ಎಲೆಕ್ಟ್ರಿಕ್ ಗಿಟಾರ್ ಒಂದೇ ವಸ್ತುವಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ತಂತಿಯ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ ಇದು. ಈ ಸಣ್ಣ ಸಂಕೇತವನ್ನು ಆಂಪ್ಲಿಫೈಯರ್ ದೊಡ್ಡದು ಮಾಡದಿದ್ದರೆ ಪಕ್ಕದವನಿಗೂ ಸರಿಯಾಗಿ ಕೇಳಿಸುವುದಿಲ್ಲ. ಅಂದರೆ ಕೇಳುವ ದನಿಯಲ್ಲಿ ದೊಡ್ಡ ಪಾಲು ಆಂಪ್‌ನದು. 24,000ದ ಗಿಟಾರ್ ತಂದು ಆಂಪ್‌ಗೆ ದುಡ್ಡಿಲ್ಲದೆ ಕೂರುವುದಕ್ಕಿಂತ, ಇರುವ ಹಣವನ್ನು ಹಂಚುವುದೇ ಲೇಸು.

ನಾನು ಹಂಚಿದ್ದು ಹೀಗೆ. ಕೋರ್ಸ್ ಮುಗಿಸಿ ಹೊರಟಿದ್ದ ಸೀನಿಯರ್ ಒಬ್ಬರಿಂದ ಬಳಸಿದ ಗಿಟಾರ್ 8,500. ಪುಟ್ಟ ಆಂಪ್ 4,000. ಹೊಸ ತಂತಿ 500. ರಿಪೇರಿಯವರ ಬಳಿ ಸೆಟಪ್, ಎಂದರೆ ಕತ್ತಿನ ಬಾಗು ಮತ್ತು ತಂತಿಯ ಎತ್ತರ ಸರಿಪಡಿಸಿದ್ದಕ್ಕೆ 800. ಕೇಬಲ್, ಬೆಲ್ಟ್ 700. ಒಟ್ಟು 14,500. ಶ್ರುತಿ ನೋಡಲು ಫೋನಿನಲ್ಲಿ ಉಚಿತ ಆ್ಯಪ್ ಇದೆ. ಈ ಪಟ್ಟಿಯಲ್ಲಿ ಯಾವುದನ್ನಾದರೂ ಬಿಡಬಹುದಾದರೂ ಸೆಟಪ್ ಮಾತ್ರ ಬಿಡಬೇಡಿ. ತಂತಿ ತುಂಬ ಎತ್ತರದಲ್ಲಿದ್ದರೆ ಬೆರಳು ನೋಯುತ್ತದೆ, ‘ನನಗೆ ಸಂಗೀತ ಬರಲ್ಲ’ ಎಂದು ಹುಡುಗರು ವಾದ್ಯವನ್ನು ಮಂಚದ ಕೆಳಗೆ ತಳ್ಳುತ್ತಾರೆ. ತಪ್ಪು ಬೆರಳಿನದ್ದಲ್ಲ, ಅರ್ಧ ಗಂಟೆಯ ಕೆಲಸ ಬಾಕಿ ಇತ್ತು ಅಷ್ಟೇ.

ಬಳಸಿದ್ದನ್ನು ಕೊಳ್ಳುವಾಗ ಕೆಲವನ್ನು ನೀವೇ ಪರೀಕ್ಷಿಸಬಹುದು. ಕತ್ತನ್ನು ಕಣ್ಣಿನ ನೇರಕ್ಕೆ ಹಿಡಿದು ತಿರುಚಿಲ್ಲವೇ ನೋಡಿ. ಅಂಚಿನಲ್ಲಿ ಕೈಯಾಡಿಸಿ, ಫ್ರೆಟ್ ಎನ್ನುವ ಲೋಹದ ಪಟ್ಟಿಗಳು ಚುಚ್ಚಬಾರದು. ತಂತಿಯನ್ನು ಬಿಡಿಯಾಗಿ ನುಡಿಸಿ, ಆಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. ಅದು ತಂತಿಯ ಅರ್ಧ ಭಾಗ, ಆದ್ದರಿಂದ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು. ಟ್ಯೂನರ್ ಸ್ವಲ್ಪ ತಪ್ಪು ತೋರಿಸಿದರೆ ಸೇತುವೆಯಲ್ಲಿ ಸರಿಪಡಿಸಬಹುದು, ಬಹಳ ತಪ್ಪಿದರೆ ಬಿಟ್ಟುಬಿಡಿ. ಆಂಪ್‌ಗೆ ಜೋಡಿಸಿ ಗುಂಡಿಗಳನ್ನು ತಿರುಗಿಸಿ, ಕರಕರ ಸದ್ದು ಬರುತ್ತದೆಯೇ ಕೇಳಿ. ಹಾಸ್ಟೆಲಿನ ಪ್ಲಗ್ ಪಾಯಿಂಟಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ‘ಗುಂಯ್’ ಎಂಬ ದನಿ ಕಾಡಬಹುದು. ಎರಡು ಸುರುಳಿಯ ‘ಹಂಬಕರ್’ ಪಿಕಪ್ ಇದ್ದರೆ ಸುತ್ತಲಿನಿಂದ ಬರುವ ಗುಂಯ್‌ಗುಡುವಿಕೆಯನ್ನು ಒಂದು ಸುರುಳಿ ಇನ್ನೊಂದರದ್ದರಿಂದ ಕಳೆದುಹಾಕುತ್ತದೆ. ಆದರೆ ಅರ್ಥಿಂಗ್ ಇಲ್ಲದ ಕಡೆ ಆಂಪ್ ಹಾಕುವುದು ಅಪಾಯ, ಅದನ್ನು ಯಾವ ಪಿಕಪ್ಪೂ ತಪ್ಪಿಸದು. ಮೊದಲು ಪ್ಲಗ್ ಸರಿಮಾಡಿಸಿ.

ತೆರಿಗೆಯ ಮಾತಿಗೂ ಬರೋಣ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ನೋಟ್‌ಬುಕ್, ಪೆನ್ಸಿಲ್‌ಗೆ ತೆರಿಗೆ ಇಲ್ಲವಾಯಿತು. ಎಸಿ, ದೊಡ್ಡ ಟಿವಿ ಶೇ 28ರಿಂದ ಶೇ 18ಕ್ಕೆ ಇಳಿದವು. ಕೈಯಿಂದ ತಯಾರಿಸಿದ ವೀಣೆ, ತಬಲಾ, ಮೃದಂಗದಂಥ ದೇಶೀಯ ವಾದ್ಯಗಳಿಗೆ ಮೊದಲಿನಿಂದಲೂ ತೆರಿಗೆ ಇಲ್ಲ, ಅದು ಸರಿಯಾದದ್ದೇ. ಗಿಟಾರ್ ಮಾತ್ರ ಶೇ 18ರಲ್ಲೇ ಉಳಿದಿದೆ. 15,000ದ ಹೊಸ ಗಿಟಾರಿನಲ್ಲಿ ಸುಮಾರು 2,290 ರೂಪಾಯಿ ತೆರಿಗೆಯೇ. ಮಕ್ಕಳ ಬರವಣಿಗೆಯ ಸಾಮಗ್ರಿಗೆ ಸಿಕ್ಕ ರಿಯಾಯಿತಿ ಕಲಿಕೆಯ ವಾದ್ಯಕ್ಕೂ ಸಿಗಬೇಕು ಎಂದು ಕೇಳುವುದು ತಪ್ಪಲ್ಲ ಎನಿಸುತ್ತದೆ. ಅಲ್ಲಿಯವರೆಗೆ ಬಡ ವಿದ್ಯಾರ್ಥಿಗೆ ಬಳಸಿದ ಗಿಟಾರೇ ದಾರಿ. ಸೀನಿಯರ್ ನೇರವಾಗಿ ನಮಗೆ ಮಾರಿದರೆ ಮತ್ತೆ ತೆರಿಗೆ ಬೀಳುವುದಿಲ್ಲ.

ಈಗ ಎರಡನೇ ಪ್ರಶ್ನೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ನೋ ಕಾಸ್ಟ್ ಇಎಂಐನಲ್ಲೂ ಬಡ್ಡಿ ಇರುತ್ತದೆ. ಅಷ್ಟು ಹಣವನ್ನು ಮಾರುವವರು ಮೊದಲೇ ರಿಯಾಯಿತಿಯಾಗಿ ಕಳೆದು ತೋರಿಸುತ್ತಾರೆ, ಅಷ್ಟೇ. 24,000ವನ್ನು 12 ಕಂತು ಮಾಡಿ, ಕ್ರೆಡಿಟ್ ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 15 ಎಂದಿಟ್ಟುಕೊಳ್ಳಿ. ಅಸಲು ಸುಮಾರು 22,160, ಬಡ್ಡಿ 1,840. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಎಂದರೆ 331 ರೂಪಾಯಿ ನಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕವಿದ್ದರೆ ಅದು ಬೇರೆ. ದೊಡ್ಡ ಮೊತ್ತವಲ್ಲ ನಿಜ. ಆದರೆ ಅಂಗಡಿಯವರು 1,840 ಬಿಡಲು ಸಿದ್ಧರಿದ್ದರು ಎಂದಾದರೆ, ನಗದು ಕೊಡುವವನು ಅದನ್ನು ತನಗೇ ಬಿಡಿ ಎಂದು ಏಕೆ ಕೇಳಬಾರದು?

ಇದಕ್ಕಿಂತ ದೊಡ್ಡ ಖರ್ಚು ಬಿಲ್ಲಿನಲ್ಲಿ ಕಾಣುವುದಿಲ್ಲ. ಆ್ಯಪ್‌ನಲ್ಲಿ ಪ್ಯಾನ್ ಕೊಟ್ಟು ಪಡೆದದ್ದು ನಮ್ಮ ಹೆಸರಿನ ಸಾಲ. ಕಂತು ತಪ್ಪಿದರೆ ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಗೆ ಸೇರುತ್ತದೆ. ಸಾಲ ಅಥವಾ ಕಾರ್ಡ್ ಬಾಕಿ ಕಟ್ಟದ ದಾಖಲೆ ಇರುವವರು ನೇಮಕಕ್ಕೆ ಅರ್ಹರಲ್ಲ ಎಂಬ ಷರತ್ತು ಎಸ್‌ಬಿಐ ನೇಮಕಾತಿ ಪ್ರಕಟಣೆಯಲ್ಲೇ ಬಂದಿದೆ. ಹೀಗೆ ಹುದ್ದೆ ಕಳೆದುಕೊಂಡ ಅಭ್ಯರ್ಥಿಯೊಬ್ಬರ ಅರ್ಜಿಯಲ್ಲಿ 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ನಿರ್ಧಾರವನ್ನೇ ಎತ್ತಿಹಿಡಿಯಿತು. ನಮ್ಮಲ್ಲಿ ಎಷ್ಟೋ ಮಂದಿ ಬಿಇ ಮುಗಿಸಿ ಬ್ಯಾಂಕ್ ಪರೀಕ್ಷೆಯನ್ನೂ ಬರೆಯುವವರು. ತಿಂಗಳಿಗೆ ಎರಡು ಸಾವಿರದ ಕಂತು ಅಷ್ಟು ದೂರದವರೆಗೆ ಬರಬಹುದು ಎಂದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಸಾಲವೇ ಕೆಟ್ಟದ್ದು ಎನ್ನುತ್ತಿಲ್ಲ. ನನ್ನ ಕಾಲೇಜು ಶುಲ್ಕದಲ್ಲೂ ಸಾಲವಿದೆ, ಅದರಿಂದ ಪದವಿ ಬರುತ್ತದೆ. ಆದರೆ ದುಡಿಮೆ ಇಲ್ಲದ ವಯಸ್ಸಿನಲ್ಲಿ, ನುಡಿಸಲು ಬರುತ್ತದೋ ಇಲ್ಲವೋ ಗೊತ್ತಿಲ್ಲದ ವಾದ್ಯಕ್ಕೆ ಸಾಲ ಬೇಕಿಲ್ಲ. ಮೊದಲ ಗಿಟಾರ್ ಕೊಳ್ಳುವುದು ಕಲಿಯಲು. ಎರಡು ವರ್ಷ ನುಡಿಸಿದ ಮೇಲೆ ನಮಗೆ ಯಾವ ದನಿ ಬೇಕು ಎಂಬುದು ಕಿವಿಗೇ ತಿಳಿಯುತ್ತದೆ. ದುಬಾರಿ ಗಿಟಾರಿಗೆ ಆಗ ಹಣ ಹಾಕಿದರೆ ಅದಕ್ಕೊಂದು ಅರ್ಥ.

ಕಳೆದ ಬಾರಿ ಊರಿಗೆ ಹೋದಾಗ ಗಿಟಾರ್ ಒಯ್ದಿದ್ದೆ. ಅಪ್ಪಯ್ಯ ಹಲಗೆಯ ಮೇಲೆ ಬೆರಳಾಡಿಸಿ, ‘ಇದು ಮತ್ತಿಯಲ್ಲವೇನೋ?’ ಎಂದರು. ಹೌದು ಎಂದೆ. ‘ಎಷ್ಟು ಕೊಟ್ಟೆ?’ ಎಂದರು. ಹೇಳಿದೆ. ‘ಸಾಲ ಮಾಡಿಲ್ಲ ತಾನೆ?’ ಎಂದರು. ಇಲ್ಲ ಎಂದು ಹೇಳುವಾಗ ಆದ ನೆಮ್ಮದಿ 24,000ದ ಗಿಟಾರಿನಲ್ಲಿ ಸಿಗುತ್ತಿರಲಿಲ್ಲ. ನುಡಿಸಿದ್ದನ್ನು ಕೇಳಿ ಅವರೇನೂ ಹೊಗಳಲಿಲ್ಲ. ಅದು ಗಿಟಾರಿನ ತಪ್ಪಲ್ಲ, ಇನ್ನೂ ಅಭ್ಯಾಸ ಸಾಲದು.