ಜುಟ್ಟಿನ ಮಲ್ಲಿಗೆಯಲ್ಲ, ಹೊಟ್ಟೆಯ ಹಿಟ್ಟೇ!

ನಾಚಾರಂನಲ್ಲಿ ನಾವು ನಾಲ್ಕು ಮನೆಯ ಕನ್ನಡಿಗರು ಕಲೆತರೆ ಒಂದು ಮಾತು ತಪ್ಪದೆ ಬರುತ್ತದೆ: "ನಲ್ಲಿಯಲ್ಲಿ ನೀರಿಲ್ಲ, ಇವರಿಗೆ ಬ್ರಹ್ಮಾಂಡದ ಕಾವು ಅಳೆಯುವ ಚಪಲ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ." ಗಾದೆ ಒಳ್ಳೆಯದೇ, ಬಳಸಿದ ಜಾಗ ಮಾತ್ರ ತಪ್ಪು ಎಂಬುದು ನಮ್ಮ ವಾದ.

ಯಾವುದೀ ಕಾವು? ವಿಶ್ವದ ಶೈಶವದಿಂದ ಉಳಿದು ಬಂದ ಸೂಕ್ಷ್ಮತರಂಗ ವಿಕಿರಣ. ಪೆನ್ಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ಇದನ್ನು ಪ್ರಕಟಪಡಿಸಿದರು. ಇದರ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಬರೀ 2.7 ಡಿಗ್ರಿ ಮೇಲೆ; ಅದರೊಳಗಿನ ಏರಿಳಿತವೋ ಲಕ್ಷದಲ್ಲೊಂದು ಪಾಲು. ಅಳೆಯುವ ಸಾಧನ ಬೋಲೋಮೀಟರ್: ವಿಕಿರಣ ಬಿದ್ದಾಗ ತುಸುವೇ ಬಿಸಿಯಾಗಿ ವಿದ್ಯುತ್ ರೋಧ ಬದಲಿಸುವ ಪುಟ್ಟ ಚೂರು. ಆ ಚೂರೇ ಬೆಚ್ಚಗಿದ್ದರೆ ಅದರ ಸ್ವಂತ ಗದ್ದಲದಲ್ಲಿ ಆಕಾಶದ ಪಿಸುಮಾತು ಮುಳುಗುತ್ತದೆ. ಸಂತೆಯ ನಡುವೆ ತಂಬೂರಿ ಶ್ರುತಿ ಮಾಡಿದಂತೆ. ಆದ್ದರಿಂದಲೇ 2009ರಲ್ಲಿ ಹಾರಿದ ಯೂರೋಪಿನ ಪ್ಲಾಂಕ್ ನೌಕೆ ತನ್ನ ಬೋಲೋಮೀಟರುಗಳನ್ನು 0.1 ಕೆಲ್ವಿನ್‌ಗೆ ತಣಿಸಿತ್ತು.

ಇದೇನು ನಮಗೆ ನಿಲುಕದ ವಿದ್ಯೆಯೇ? ನಮಗೆ ದೂರವಲ್ಲದ ಇ.ಸಿ.ಐ.ಎಲ್. ಬಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ. ಬಲೂನುಗಳನ್ನು ಅಲ್ಲಿಯೇ ತಯಾರಿಸುತ್ತಾರೆ. 1990ರ ದಶಕದಲ್ಲಿ ಅಲ್ಲಿಂದ ಹಾರಿದ 1 ಮೀಟರ್ ದೂರದರ್ಶಕ ನಕ್ಷತ್ರ ಹುಟ್ಟುವ ಮೋಡಗಳನ್ನು ಅವಕೆಂಪು ಕಿರಣಗಳಲ್ಲಿ ನೋಡಿತು. ಅದರ ಬೋಲೋಮೀಟರುಗಳು ದ್ರವ ಹೀಲಿಯಂನಿಂದ 0.3 ಕೆಲ್ವಿನ್‌ಗೆ ತಣಿದಿದ್ದವು. 1998ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಹಾರಿ ವಿಶ್ವದ ಆದಿಯ ಕಾವನ್ನು ಅಳೆದ ಬೂಮರಾಂಗ್ ಬಲೂನಿನ ಕಣ್ಣುಗಳ ತಂಪೂ ಹೆಚ್ಚುಕಡಮೆ ಅಷ್ಟೇ! ಗುರಿ ಬೇರೆ, ವಿದ್ಯೆ ಒಂದೇ.

"ಹೊರಗಿನವರ ಅಂಕಿ ಅಂಶ ಸಿಗುತ್ತವಲ್ಲ, ನಮ್ಮವರು ಲೆಕ್ಕ ಮಾಡಿದರೆ ಸಾಲದೆ?" ಎನ್ನುವ ಬುದ್ಧಿವಂತರೂ ಇದ್ದಾರೆ. ಸಾಲದು. ಅದು ಪರರ ಆಕಾಶಕ್ಕೆ ಗುಮಾಸ್ತಗಿರಿ. ಸೋರದ ಪಾತ್ರೆ, ನಿರ್ವಾತ, ನವುರಾದ ಬೆಸುಗೆ, ಇವಿಲ್ಲದೆ ಆ ತಂಪು ನಿಲ್ಲದು. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ತಣಿಸುವುದೂ ದ್ರವ ಹೀಲಿಯಮ್ಮೇ. ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಲೋಹದೊಡನೆ ಬದುಕುವವರಿಗೆ ಇದು ಮಲ್ಲಿಗೆಯಲ್ಲ, ಹಿಟ್ಟು.

ಸಿ.ಎಂ.ಬಿ.-ಭಾರತ್ ಎಂಬ ನೌಕೆಯ ಯೋಜನೆಯನ್ನು ನಮ್ಮ ವಿಜ್ಞಾನಿಗಳು 2018ರಲ್ಲಿ ಇಸ್ರೋ ಮುಂದಿಟ್ಟರು. ಅಂಥ ನೌಕೆ ಹಾರುವುದಾದರೆ ಅದರ ಕಣ್ಣು ಇಲ್ಲಿಯೇ ತಯಾರಾಗಲಿ, ಇಲ್ಲಿನ ಬಲೂನಿನಲ್ಲೇ ಮೊದಲು ಪರೀಕ್ಷೆಗೊಳ್ಳಲಿ ಎಂದು ನಾವು ಒತ್ತಾಯಿಸುತ್ತೇವೆ.

ನಮ್ಮ ಸಂಘಕ್ಕೂ ಒಂದು ಮಾತು. ರಾಜ್ಯೋತ್ಸವಕ್ಕೆ ನಾಟಕ, ಸಂಗೀತ ಖಂಡಿತ ಇರಲಿ. ಒಂದು ಸಂಜೆ ಈ ತಂಪಿನ ಕಥೆಯನ್ನೂ ಕನ್ನಡದಲ್ಲಿ ಹೇಳಿಸೋಣ. ಮುಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸೋಣ. ಗಾದೆ ಹೇಳುವ ಹಿರಿಯರಿಗೂ ಅಲ್ಲಿಯೇ ಕುರ್ಚಿ ಕಾದಿರಿಸೋಣ.