ಚಿನ್ನ ಸಿಗೋದಲ್ಲ, ಬಿಡೋದು ಕಷ್ಟ

‘ಫಾಲ್‌ಔಟ್: ನ್ಯೂ ವೇಗಸ್’ ಆಡಿದವರ ಮುಂದೆ ‘ಡೆಡ್ ಮನಿ’ ಅನ್ನಿ, ತುಂಬಾ ಜನ ಮುಖ ಸಿಂಡರಿಸ್ತಾರೆ. 2010ರ ಈ ಎಕ್ಸ್‌ಪ್ಯಾನ್ಶನ್ ಶುರುವಲ್ಲೇ ನಮ್ಮ ಗನ್ನು, ಆರ್ಮರ್ ಎಲ್ಲಾ ಕಿತ್ಕೊಂಡು ಕುತ್ತಿಗೆಗೆ ಬಾಂಬಿನ ಪಟ್ಟಿ ಕಟ್ಟುತ್ತೆ. ಹಳೇ ರೇಡಿಯೋ ಹತ್ತಿರ ಸ್ವಲ್ಪ ಹೊತ್ತು ನಿಂತರೂ ಢಮಾರ್! ನಾವೂ ಬೈಕೊಂಡೇ ಆಡಿದ್ವಿ.

ಆದರೆ ಕೊನೆಗೆ, ಅಣುಯುದ್ಧಕ್ಕೂ ಹಿಂದಿನ ಸಿಯೆರಾ ಮಾಡ್ರೆ ಕ್ಯಾಸಿನೋದ ತಿಜೋರಿಯಲ್ಲಿ 37 ಚಿನ್ನದ ಗಟ್ಟಿ ಸಿಗುತ್ತವೆ. ಒಂದೊಂದರ ತೂಕ 35. ಸ್ಟ್ರೆಂತ್ 5 ಇದ್ದರೆ ನಾವು ಹೊರಬಹುದಾದದ್ದು 200. ಅದಕ್ಕಿಂತ ಹೆಚ್ಚು ಹೊತ್ತರೆ ಓಡೋಕಾಗಲ್ಲ, ಓಡದಿದ್ದರೆ ಬದುಕಲ್ಲ. ಬರಿಗೈಲಿ ಇಲ್ಲಿತನಕ ಬಂದವರಿಗೆ ಇಷ್ಟೆಲ್ಲಾ ಯಾಕೆ ಬೇಕು ಅಂತ ಆಟ ಕೇಳುತ್ತೆ.

ಬೇರೆ ಎಕ್ಸ್‌ಪ್ಯಾನ್ಶನ್‌ಗಳು ಹೊಸ ಗನ್ ಕೊಟ್ಟು ಖುಷಿಪಡಿಸುತ್ತವೆ. ಇದು ಬಿಡೋದನ್ನ ಕಲಿಸುತ್ತೆ. ಎಲ್ಲಾ ಗಟ್ಟಿ ಸಾಗಿಸೋ ಟ್ರಿಕ್ ಯೂಟ್ಯೂಬ್‌ನಲ್ಲಿದೆ. ಮೊದಲ ಸಲ ಆಡುವಾಗ ದಯವಿಟ್ಟು ನೋಡ್ಬೇಡಿ.