ಟ್ರ್ಯಾಕ್ಟರ್ ದಾರಿಯಲ್ಲಿ ಸೈಕಲ್ ಸವಾರಿ

ಫ್ರಾನ್ಸ್ ಮತ್ತು ಸೈಕಲ್ ಎಂದೊಡನೆ ನೆನಪಿಗೆ ಬರುವುದು ಜುಲೈ ತಿಂಗಳ ‘ಟೂರ್ ದ ಫ್ರಾನ್ಸ್’ ಪಂದ್ಯ. ರಸ್ತೆಯ ಎರಡೂ ಬದಿ ಕಿಕ್ಕಿರಿದ ಜನ, ಗಂಟೆಗೆ ನಲವತ್ತು ಕಿಲೋಮೀಟರಿಗೂ ಮಿಕ್ಕ ವೇಗ, ಹಿಂದೆ ಮುಂದೆ ಕಾರು, ಮೋಟಾರ್ ಸೈಕಲ್‌ಗಳ ಸಾಲು. ಅದೇ ದೇಶದಲ್ಲಿ ಇನ್ನೊಂದು ಬಗೆಯ ಸೈಕಲ್ ಸವಾರಿಯೂ ಇದೆ. ಅದಕ್ಕೆ ಗಡಿಯಾರ ಬೇಡ, ಚಪ್ಪಾಳೆ ಬೇಡ. ಏರು ಬಂದಾಗ ಇಳಿದು ತಳ್ಳಿಕೊಂಡು ಹೋದರೂ ಯಾರೂ ನಗುವುದಿಲ್ಲ. ದ್ರಾಕ್ಷಿ ತೋಟಗಳ ನಡುವೆ ಹಾದುಹೋಗುವ ಬರ್ಗಂಡಿ ಸೀಮೆಯ ಸದ್ದಿಲ್ಲದ ದಾರಿಗಳು ಇಂಥ ಸವಾರಿಗೆ ಹೇಳಿ ಮಾಡಿಸಿದಂತಿವೆ.

ಹೇಳಿ ಮಾಡಿಸಿದ್ದು ಮಾತ್ರ ಸೈಕಲ್‌ಗಾಗಿ ಅಲ್ಲ. ಒಂದನ್ನು ತೋಟದ ಕೆಲಸಕ್ಕೆಂದು ಮಾಡಿದರು, ಇನ್ನೊಂದನ್ನು ದೋಣಿ ಎಳೆಯಲೆಂದು, ಮತ್ತೊಂದನ್ನು ರೈಲು ಓಡಿಸಲೆಂದು. ಈ ಸೀಮೆಯ ಶಾಂತಿಯ ಗುಟ್ಟು ಇಷ್ಟೇ. ಅದು ದುಡಿಮೆ ಬಿಟ್ಟುಕೊಟ್ಟ ಶಾಂತಿ. ಕೆಲವು ಕಡೆ ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲದ ಶಾಂತಿ.

ಪ್ಯಾರಿಸ್‌ನಿಂದ ವೇಗದ ರೈಲು ಹತ್ತಿದರೆ ಒಂದೂವರೆ ಗಂಟೆಯಲ್ಲಿ ಡಿಜೋನ್ ನಗರ. ಅಲ್ಲಿಂದ ದಕ್ಷಿಣಕ್ಕೆ ಸಾಂತ್ನೆ ಎಂಬ ಊರಿನವರೆಗೆ, ಸುಮಾರು 50 ಕಿ.ಮೀ. ಉದ್ದಕ್ಕೆ, ಪೂರ್ವಕ್ಕೆ ಮುಖ ಮಾಡಿದ ಸುಣ್ಣಕಲ್ಲಿನ ಗುಡ್ಡಗಳ ಒಂದು ಇಳಿಜಾರು ಇದೆ. ಇದೇ ‘ಕೋತ್ ದೋರ್’. ಜಗತ್ತಿನ ಅತಿ ದುಬಾರಿ ವೈನ್‌ಗಳಲ್ಲಿ ಹಲವು ಹುಟ್ಟುವುದು ಈ ಕಿರಿದಾದ ಪಟ್ಟಿಯಲ್ಲಿ. ತಳಿಗಳು ಮುಖ್ಯವಾಗಿ ಎರಡೇ: ಕೆಂಪು ವೈನ್‌ಗೆ ಪಿನೋ ನ್ವಾರ್, ಬಿಳಿಗೆ ಶಾರ್ದೊನೆ. ಬೆಲೆಯ ವ್ಯತ್ಯಾಸವೆಲ್ಲ ಬಳ್ಳಿ ನಿಂತ ಜಾಗದ್ದು. ಇಲ್ಲಿ ಒಂದೊಂದು ತಾಕಿಗೂ ಹೆಸರಿದೆ, ಗಡಿ ಇದೆ, ಚರಿತ್ರೆ ಇದೆ. ಇಂಥ 1,247 ತಾಕುಗಳಿರುವ ಈ ಭೂಮಿಯನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಳಿಜಾರಿನ ಬುಡದಲ್ಲಿ 974ನೇ ನಂಬರಿನ ಹೆದ್ದಾರಿ ಓಡುತ್ತದೆ. ಲಾರಿ, ಕಾರುಗಳ ಭರಾಟೆ ಅಲ್ಲಿ. ಈ ರಸ್ತೆ ಬರಿಯ ರಸ್ತೆಯಲ್ಲ, ಹೆಚ್ಚೂಕಡಿಮೆ ಬೆಲೆಯ ಗಡಿಯೂ ಹೌದು. ಅದರ ಪೂರ್ವಕ್ಕೆ ನೆಲ ಸಮತಟ್ಟು, ಮಣ್ಣು ಜಿಗುಟು. ಅಲ್ಲಿನದು ಬಹುಪಾಲು ಸಾಮಾನ್ಯ ದರ್ಜೆಯ ವೈನ್. ಪಶ್ಚಿಮಕ್ಕೆ ನೆಲ ಏರತೊಡಗುತ್ತದೆ, ದರ್ಜೆಯೂ ಏರುತ್ತದೆ. ಇಳಿಜಾರಿನ ನಡುಮಗ್ಗುಲಿನಲ್ಲಿ, ನೀರು ನಿಲ್ಲದ, ಬೆಳಗಿನ ಬಿಸಿಲು ನೇರ ಬೀಳುವ ಕಡೆ ಅತ್ಯುತ್ತಮ ತಾಕುಗಳು. ಇನ್ನೂ ಮೇಲೆ ಹೋದರೆ ಮಣ್ಣು ತೆಳುವಾಗಿ, ಚಳಿ ಹೆಚ್ಚಾಗಿ ದರ್ಜೆ ಮತ್ತೆ ಇಳಿಯುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದನ್ನು ಯಾರಾದರೂ ಹೇಳಬೇಕು. ಸೈಕಲ್ ತುಳಿಯುವವರಿಗೆ ಮೀನಖಂಡವೇ ಹೇಳುತ್ತದೆ.

ಮೊದಲ ದಾರಿ ‘ವ್ವಾ ದೆ ವಿನ್ಯ್’, ಅಂದರೆ ದ್ರಾಕ್ಷಿ ಬಳ್ಳಿಗಳ ದಾರಿ. ಕೋಟೆಗೋಡೆಯ ಹಳೆಯ ಊರಾದ ಬೋನ್‌ನಿಂದ ಹೊರಟು ಪೊಮಾರ್, ವೊಲ್ನೆ, ಮರ್ಸೊ ಹಳ್ಳಿಗಳನ್ನು ಹಾದು ಸಾಂತ್ನೆ ಸೇರುವ ಇದು ಇಪ್ಪತ್ತು ಕಿ.ಮೀ.ಗೆ ತುಸು ಹೆಚ್ಚು. ತೋಟದ ಮಾಲೀಕರು ಓಡಾಡುವ ಕಿರುದಾರಿಗಳನ್ನೇ ಜೋಡಿಸಿ, ಕವಲುಗಳಲ್ಲಿ ಫಲಕ ನೆಟ್ಟಿದ್ದಾರೆ. ಎರಡೂ ಕಡೆ ಸೊಂಟದೆತ್ತರದ ಬಳ್ಳಿಸಾಲು. ಅಲ್ಲಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ. ಮಳೆ ಬಂದಾಗ ಕೂಲಿಯವರು ನುಸುಳಿ ಕೂರುತ್ತಿದ್ದ ‘ಕಬೋತ್’ ಎಂಬ ಪುಟ್ಟ ಕಲ್ಲುಗೂಡು. ವೊಲ್ನೆಗೆ ಹತ್ತುವಾಗ ಉಸಿರು ಬಿಗಿಯುತ್ತದೆ, ಮರ್ಸೊ ಕಡೆಗೆ ಗಾಳಿ ತಾನೇ ನೂಕುತ್ತದೆಯೇನೋ ಅನ್ನುವ ಹಾಗೆ ಇಳಿತ.

ಮುಂದೆ ಸಿಗುವ ಎರಡು ಊರುಗಳ ಹೆಸರಿನಲ್ಲೇ ಒಂದು ಕಥೆಯಿದೆ. ಪ್ಯುಲಿನ್ಯಿ ಮತ್ತು ಶಾಸಾನ್ಯ್ ಎಂಬ ಇವೆರಡರ ಗಡಿಯಲ್ಲಿ ಮೋಂತ್ರಾಷೆ ಎಂಬ ತೋಟವಿದೆ. ಅಳತೆ ಸುಮಾರು 8 ಹೆಕ್ಟೇರ್, ಇಪ್ಪತ್ತು ಎಕರೆಯಷ್ಟು. ಬಿಳಿ ವೈನ್‌ನಲ್ಲಿ ಅದರ ಹೆಸರು ದೊಡ್ಡದು. 1879ರಲ್ಲಿ ಎರಡೂ ಊರುಗಳು ತೋಟದ ಹೆಸರನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡು ಪ್ಯುಲಿನ್ಯಿ ಮೋಂತ್ರಾಷೆ, ಶಾಸಾನ್ಯ್ ಮೋಂತ್ರಾಷೆ ಆದವು. ಊರಿನಿಂದ ಹೊಲಕ್ಕೆ ಹೆಸರು ಬರುವುದು ಲೋಕರೂಢಿ. ಇಲ್ಲಿ ಹೊಲವೇ ಊರಿಗೆ ಹೆಸರಿಟ್ಟಿತು.

ಬೋನ್‌ನಿಂದ ಉತ್ತರಕ್ಕೆ ಹೋಗಬಯಸುವವರಿಗೆ 122ನೇ ನಂಬರಿನ ಕಿರುರಸ್ತೆಯಿದೆ. ವೂಜೋ, ಶಾಂಬೋಲ್, ಜೆವ್ರೆ ಹಳ್ಳಿಗಳ ಮೂಲಕ ಅದು ಡಿಜೋನ್ ಕಡೆಗೆ ಸಾಗುತ್ತದೆ. ಕಾರುಗಳು ಬರುತ್ತವೆ, ಆದರೆ ಹೆದ್ದಾರಿಯ ಗದ್ದಲವಿಲ್ಲ. ವೂಜೋದಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳು ಗೋಡೆ ಕಟ್ಟಿ ಬೆಳೆಸಿದ 50 ಹೆಕ್ಟೇರ್ ತೋಟವಿದೆ. ಒಂದು ಕಾಲಕ್ಕೆ ಒಂದೇ ಮಠದ ಆಸ್ತಿ. ಕ್ರಾಂತಿಯ ಕಾಲದಲ್ಲಿ ಮಠದಿಂದ ಕಿತ್ತು ಮಾರಿದರು. ಮುಂದೆ ಕೈ ಬದಲಾಯಿಸುತ್ತ, ಪಾಲಾಗುತ್ತ ಇಂದು ಸುಮಾರು 80 ಒಡೆಯರ ಕೈಯಲ್ಲಿದೆ. ಸಮೀಪದ ವೋನ್‌ನಲ್ಲಿರುವ ರೊಮಾನೆ ಕೋಂತಿ ತೋಟ ನಾಲ್ಕೂವರೆ ಎಕರೆಯೂ ತುಂಬದಷ್ಟು ಚಿಕ್ಕದು. ಗೋಡೆಯ ಬಳಿ ಒಂದು ಕಲ್ಲಿನ ಶಿಲುಬೆ. ಒಳಗೆ ಕಾಲಿಡಬೇಡಿ ಎಂಬ ವಿನಯದ ಸೂಚನೆ. ಮೊಣಕಾಲೆತ್ತರದ ಗೋಡೆ ಯಾರನ್ನೂ ತಡೆಯಲಾರದು. ತಡೆಯುವುದು ಮರ್ಯಾದೆ ಮಾತ್ರ.

ಈ ಮರ್ಯಾದೆಯ ಮಾತು ಇಡೀ ಸೀಮೆಗೆ ಅನ್ವಯಿಸುತ್ತದೆ. ಸವಾರನಿಗೆ ವಿಹಾರದ ದಾರಿಯಾದದ್ದು ಇಲ್ಲಿನವರಿಗೆ ಕಾರ್ಖಾನೆಯ ಅಂಗಳ. ಚಳಿಗಾಲದಲ್ಲಿ ಬಳ್ಳಿ ಸವರುವ ಕೆಲಸ. ವಿಜಯಪುರದ ದ್ರಾಕ್ಷಿ ರೈತರು ‘ಚಾಟ್ನಿ’ ಎನ್ನುವುದು ಇದನ್ನೇ. ಸವರಿದ ಕಡ್ಡಿಗಳನ್ನು ತಳ್ಳುಗಾಡಿಯ ಮೇಲಿಟ್ಟ ಡ್ರಮ್ಮಿನಲ್ಲಿ ಅಲ್ಲೇ ಸುಡುತ್ತ ಸಾಗುವಾಗ ಇಳಿಜಾರಿನ ತುಂಬ ನೀಲಿ ಹೊಗೆ. ಬೇಸಿಗೆಯಲ್ಲಿ ಬಳ್ಳಿಸಾಲನ್ನು ಕಾಲುಗಳ ನಡುವೆ ಬಿಟ್ಟುಕೊಂಡು ಹೋಗುವ ಎತ್ತರದ ಟ್ರ್ಯಾಕ್ಟರ್ ಔಷಧಿ ಸಿಂಪಡಿಸುತ್ತದೆ. ಮಣ್ಣು ಗಟ್ಟಿಯಾಗದಿರಲೆಂದು ಕುದುರೆ ಕಟ್ಟಿ ಉಳುವ ತೋಟಗಳೂ ಇವೆ. ಟ್ರ್ಯಾಕ್ಟರ್ ಎದುರಾದಾಗ ಸೈಕಲ್ ಪಕ್ಕಕ್ಕೆ ಸರಿಯಬೇಕು. ಔಷಧಿ ಹೊಡೆಯುತ್ತಿದ್ದರೆ ದೂರದಲ್ಲೇ ನಿಂತು ಕಾಯಬೇಕು. ಒಂದು ಗೊಂಚಲನ್ನೂ ಕೀಳಬಾರದು.

ಈ ದುಡಿಮೆಯ ಫಲ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಬೋನ್ ಊರಿನ ಧರ್ಮಾಸ್ಪತ್ರೆ ಒಂದು ಉದಾಹರಣೆ. ಬರ್ಗಂಡಿಯ ಡ್ಯೂಕನ ಮಂತ್ರಿಯಾಗಿದ್ದ ನಿಕೋಲಾ ರೋಲಾಂ 1443ರಲ್ಲಿ ಬಡ ರೋಗಿಗಳಿಗೆಂದು ಇದನ್ನು ಸ್ಥಾಪಿಸಿದ. ದಾನಿಗಳು ಶತಮಾನಗಳ ಕಾಲ ದ್ರಾಕ್ಷಿ ತೋಟಗಳನ್ನೇ ಬರೆದುಕೊಟ್ಟರು. ಈಗ ಆಸ್ಪತ್ರೆಯ ಹೆಸರಿನಲ್ಲಿ ಸುಮಾರು 60 ಹೆಕ್ಟೇರ್ ತೋಟವಿದೆ. ಅದರ ವೈನನ್ನು 1859ರಿಂದ ಹರಾಜು ಹಾಕುತ್ತಾರೆ. ನವೆಂಬರ್‌ನ ಮೂರನೇ ಭಾನುವಾರ ಆ ಹರಾಜಿನ ದಿನ. ಬಣ್ಣದ ಹೆಂಚಿನ ಹಳೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ; ಹರಾಜಿನ ಹಣ ಇಂದಿಗೂ ಊರಿನ ಆಸ್ಪತ್ರೆಗೆ.

ಇದೇ ಬೋನ್ ಇನ್ನೊಂದು ಲೆಕ್ಕವನ್ನೂ ಜೋಪಾನ ಮಾಡಿದೆ. ಚರ್ಚಿನ ಕೂಲಿಪಟ್ಟಿ, ಪುರಸಭೆಯ ದಾಖಲೆಗಳಿಂದ ಸಂಶೋಧಕರು 1354ರಿಂದ 2018ರವರೆಗಿನ ದ್ರಾಕ್ಷಿ ಕೊಯ್ಲಿನ ದಿನಾಂಕಗಳನ್ನು ಹೆಕ್ಕಿ 2019ರಲ್ಲಿ ಪ್ರಕಟಿಸಿದರು. 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಆರಂಭವಾಗುತ್ತಿತ್ತು. 1988ರ ನಂತರ ಅದು ಸರಾಸರಿ 13 ದಿನ ಮುಂಚೆ ಬಂದಿದೆ. 2003ರಲ್ಲಂತೂ ಆಗಸ್ಟಿನಲ್ಲೇ ಕೊಯ್ದರು. ಬಿಸಿಲು ಹೆಚ್ಚಾದರೆ ಹಣ್ಣಿಗೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಬಿಸಿಗೆ ಚಿಗುರೂ ಬೇಗ ಒಡೆಯುತ್ತದೆ. ಆಮೇಲೆ ಮಂಜು ಬಿದ್ದರೆ ಚಿಗುರು ಕರಕಲು. 2021ರ ಏಪ್ರಿಲ್ ಮೊದಲ ವಾರ ಆದದ್ದು ಅದೇ. ರಾತ್ರಿಯಿಡೀ ಸಾಲುಗಳ ನಡುವೆ ಸಾವಿರಾರು ದೊಡ್ಡ ಮೇಣದ ದೀಪಗಳನ್ನು ಹಚ್ಚಿಟ್ಟು ಕಾದರು. ನೋಡಲು ದೀಪೋತ್ಸವ, ಒಳಗೆ ಸಂಕಟ. ಆ ವರ್ಷದ ಬೆಳೆ ಬಹುಪಾಲು ಕೈತಪ್ಪಿದ ತೋಟಗಳು ಎಷ್ಟೋ. ಸೆಪ್ಟೆಂಬರ್ ಕೊನೆಯಲ್ಲಿ ಕೊಯ್ಲು ನೋಡೋಣವೆಂದು ಹಳೆಯ ಲೆಕ್ಕ ನಂಬಿ ಹೋಗುವವರಿಗೆ ಬರಿಯ ಎಲೆ ಕಂಡೀತು.

ಸಾಂತ್ನೆಯಿಂದ ಮುಂದಿನದು ನೀರಿನ ದಾರಿ. ಸೋನ್ ಮತ್ತು ಲ್ವಾರ್ ನದಿಗಳನ್ನು ಕೂಡಿಸುವ 112 ಕಿ.ಮೀ. ಉದ್ದದ ‘ಕನಾಲ್ ದ್ಯು ಸಾಂತ್ರ್’ ಕಾಲುವೆ 1790ರ ದಶಕದಲ್ಲಿ ತೆರೆದದ್ದು. ಎಂಜಿನ್ ಇಲ್ಲದ ಕಾಲದಲ್ಲಿ ದೋಣಿಗಳನ್ನು ದಡದಿಂದ ಮನುಷ್ಯರು, ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಆ ಎಳೆದಾರಿ ಈಗ ಸೈಕಲ್ಲಿನ ಪಾಲಾಗಿದೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಯೂರೋಪನ್ನು ಅಡ್ಡಹಾಯುವ ‘ಯೂರೋವೆಲೊ 6’ ಸೈಕಲ್ ಮಾರ್ಗ ಇದರ ದಡದಲ್ಲೇ ಸಾಗುತ್ತದೆ. ಏರಿಳಿತದಿಂದ ದಣಿದ ಕಾಲಿಗೆ ಇಲ್ಲಿ ವಿಶ್ರಾಂತಿ. ಶಾನ್ಯಿ ದಾಟಿ ಶಾಲೋಂ ನಗರ. ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ನಿಸೆಫೋರ್ ನಿಯೆಪ್ಸ್ 1765ರಲ್ಲಿ ಹುಟ್ಟಿದ ಊರು.

ಶಾಲೋಂ ಪಕ್ಕದ ಜಿವ್ರಿಯಿಂದ ಕ್ಲುನಿಗೆ 44 ಕಿ.ಮೀ. ಹಳಿ ಕಿತ್ತ ರೈಲುದಾರಿ. 1997ರಲ್ಲಿ ಇದನ್ನು ಸೈಕಲ್ ಮತ್ತು ಕಾಲ್ನಡಿಗೆಯವರಿಗೆ ತೆರೆದರು. ಫ್ರಾನ್ಸಿನ ‘ಹಸಿರು ದಾರಿ’ಗಳಲ್ಲಿ ಇದೇ ಮೊದಲನೆಯದು. ಉಗಿಬಂಡಿ ಹತ್ತಲಾರದ ಏರನ್ನು ರೈಲಿನವರು ಕಟ್ಟುವಂತಿರಲಿಲ್ಲವಾದ್ದರಿಂದ ಮಕ್ಕಳು, ಮುದುಕರೂ ನಿರಾಯಾಸವಾಗಿ ತುಳಿಯಬಹುದು. ಮೊದಲು ದ್ರಾಕ್ಷಿ, ಆಮೇಲೆ ಬಿಳಿಯ ಶಾರೊಲೆ ದನಗಳು ಮೇಯುವ ಹುಲ್ಲುಗಾವಲು. ಕೊನೆಗೆ ಕ್ಲುನಿ. ಕ್ರಿ.ಶ. 910ರಲ್ಲಿ ಸ್ಥಾಪನೆಯಾದ ಇಲ್ಲಿನ ಮಠದ ಚರ್ಚು ರೋಮಿನ ಸೇಂಟ್ ಪೀಟರ್ಸ್ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿತ್ತು. ಕ್ರಾಂತಿಯ ನಂತರ ಅದನ್ನು ಕಲ್ಲುಗಣಿಯಂತೆ ಒಡೆದು ಮಾರಿದರು. ಉಳಿದದ್ದು ಒಂದು ಪಾರ್ಶ್ವ. ಅಲ್ಲಿಂದ ಮಾಕೋಂ ಕಡೆಗೆ 1.6 ಕಿ.ಮೀ. ಸುರಂಗವಿದೆ. ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ, ಬಾವಲಿಗಳ ನಿದ್ದೆ ಕೆಡದಿರಲೆಂದು.

ಹೊರಡುವವರಿಗೆ ಕೆಲವು ಮಾತು. ಮೇ, ಜೂನ್ ಮತ್ತು ಸೆಪ್ಟೆಂಬರ್ ಹಿತವಾದ ತಿಂಗಳುಗಳು. ಬೋನ್‌ನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ದಣಿದರೆ ಡಿಜೋನ್, ಬೋನ್, ಶಾನ್ಯಿ, ಶಾಲೋಂ, ಮಾಕೋಂ ನಡುವೆ ಓಡುವ ಪ್ರಾದೇಶಿಕ ರೈಲಿಗೆ ಸೈಕಲ್ಲನ್ನೂ ಹತ್ತಿಸಬಹುದು. ವೈನ್ ರುಚಿ ನೋಡುವವರು ನೆನಪಿಡಬೇಕಾದದ್ದು: ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರದ ಮಿತಿ ಅಲ್ಲಿ ಸೈಕಲ್ ಸವಾರನಿಗೂ ಉಂಟು. ರುಚಿ ನೋಡಿ ಉಗುಳುವ ಪದ್ಧತಿ ಅಲ್ಲಿ ಅವಮಾನವಲ್ಲ, ಕಸುಬುದಾರರ ರೂಢಿ. ಕುಡಿಯದವರಿಗೂ ನಷ್ಟವೇನಿಲ್ಲ, ಸಾವಿರಗಟ್ಟಲೆ ಕೊಟ್ಟು ಸೀಸೆ ಕೊಳ್ಳುವವರು ಎಂದೂ ಕಾಣದ ಮಣ್ಣು, ಗೋಡೆ, ಬೆನ್ನು ಬಾಗಿಸಿ ಕಡ್ಡಿ ಆರಿಸುವ ಕೈಗಳು ಅವರಿಗೆ ಕಾಣುತ್ತವೆ. ಆ ಕೈಗಳು ಮೇಲೆದ್ದಾಗ ‘ಬೋಂಜೂರ್’ ಎಂದು ನಮಸ್ಕರಿಸಿ ಮುಂದೆ ಸಾಗಬೇಕು. ದಾರಿ ಅವರದು.